ಯಾರ ಕಡೆಗೂ ಇಲ್ಲದವನು

"ಒಬ್ಬೊಬ್ಬರಿಗೆ ಮೂರು ನಿಮಿಷ. ನಾನು ಯಾರ ಕಡೆಗೂ ಇಲ್ಲ," ಎಂದು ಹೇಳಿ ಪ್ರಭಂಜನ ಎರಡು ಸಾಲುಗಳ ನಡುವೆ ಕುಳಿತ.

ಪರದೇಶದ ಫ್ರಿಸ್ಕೋ ಊರಿನ ಗ್ರಂಥಾಲಯದ ಕೋಣೆ. ಎಡಕ್ಕೆ ಹುಬ್ಬಳ್ಳಿ ಕಡೆಯವರು, ಬಲಕ್ಕೆ ಮೈಸೂರು ಕಡೆಯವರು. ಹಾಗೆ ಬೇರೆ ಬೇರೆ ಕೂರಿಸಿದವನೂ ಅವನೇ. ಆರು ವರ್ಷದಿಂದ ಅವನು ಹೇಳಿಕೊಡುತ್ತಿದ್ದ ಭಾನುವಾರದ ಕನ್ನಡ ತರಗತಿಯಲ್ಲಿ ನಲವತ್ತು ಮಕ್ಕಳಿದ್ದದ್ದು ಹನ್ನೊಂದಕ್ಕೆ ಇಳಿದಿತ್ತು. 'ಭಿನ್ನಾಭಿಪ್ರಾಯವಿದೆ, ಕೂತು ಮಾತಾಡೋಣ' ಎಂದು ಪಾಲಕರ ಇಮೇಲ್ ಬಂದಾಗ ಅವನಿಗೆ ಕಾರಣ ಥಟ್ಟನೆ ಹೊಳೆಯಿತು. ಯಾರ ಕಡೆಯ ಕನ್ನಡ ಕಲಿಸಬೇಕೆಂಬ ಜಗಳ, ಇನ್ನೇನು. ಸಭೆ ನಡೆಸಿಕೊಡಿ ಎಂದು ಯಾರೂ ಕೇಳಿರಲಿಲ್ಲ. ಕೇಳಲು ಸಂಕೋಚವಿರಬಹುದೆಂದು ತಾನೇ ಮುಂದಾಗಿದ್ದ. ಆಫೀಸಿನಲ್ಲಿ ಎರಡು ದಿನದ ಸಂವಾದ ತರಬೇತಿ ಆಗಿತ್ತಲ್ಲ. ಎರಡೂ ಕಡೆಗೆ ಒಂದೇ ಅಳತೆಯಲ್ಲಿ ತಲೆಯಾಡಿಸುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಕೂಡ ಮಾಡಿಕೊಂಡಿದ್ದ.

ಮೂಲೆಯಲ್ಲಿ ಸೌಂದರ್ಯಾ ಎಂಬಾಕೆ ನೋಟ್‌ಬುಕ್ ಹಿಡಿದು ಕೂತಿದ್ದಳು. ಜಾರ್ಜ್‌ಟೌನ್‌ನಿಂದ ಮೂರು ಗಂಟೆ ಡ್ರೈವ್ ಮಾಡಿ ಬಂದಿದ್ದಳು. ಟಿಪ್ಪಣಿ ಬರೆಯುವುದಕ್ಕೂ ಎಷ್ಟೊಂದು ಶ್ರದ್ಧೆ, ಎಂದು ಮೆಚ್ಚಿಕೊಂಡ.

ಎಡಸಾಲಿನ ಈರಣ್ಣ ಮೊದಲು ಮಾತೆತ್ತಿದ. "ನಮ್ಮ ಹುಡುಗಿ 'ಹೋಗೂಣು' ಅಂತ ಬರದಿದ್ಳ್ರಿ. ಅದರ ಮ್ಯಾಲೆ ಕೆಂಪು ಗೀಟು. ಅವತ್ತಿಂದ ಅಜ್ಜಿ ಜೋಡಿ ಫೋನಿನ್ಯಾಗ ಕನ್ನಡ ಮಾತಾಡೂದನ್ನ ಬಿಟ್ಟಾಳ್ರಿ. ತಪ್ಪಾಗ್ತದಂತ."

ಪ್ರಭಂಜನ ಎಡಕ್ಕೆ ತಲೆಯಾಡಿಸಿದ.

"ನಮ್ಮನೇಲೂ ಅಷ್ಟೇ," ಎಂದರು ಬಲಸಾಲಿನ ಉದಯಶಂಕರ. "ಮಗ 'ಬರ್ತೀನಿ' ಅಂತ ಬರೆದ. 'ಬರುತ್ತೇನೆ' ಅಂತ ಹತ್ತು ಸಲ ಬರೆಸಿದ್ರು. ಈಗ ಅವನು ಬರೋದೇ ಇಲ್ಲ."

ಪ್ರಭಂಜನ ಬಲಕ್ಕೂ ಅಷ್ಟೇ ತಲೆಯಾಡಿಸಿದ. ಇಬ್ಬರೂ ಮಾತಾಡುವಾಗ ಅವನ ಮುಖವನ್ನೇ ನೋಡುತ್ತಿದ್ದರು. ನಿಷ್ಪಕ್ಷಪಾತಿಯ ಮೇಲೆ ಜನರಿಗೆ ತಾನಾಗಿಯೇ ನಂಬಿಕೆ ಹುಟ್ಟುತ್ತದೆಂದು ಅವನಿಗೆ ಒಳಗೊಳಗೇ ಹಿಗ್ಗಾಯಿತು.

"ಇಬ್ಬರ ನೋವೂ ನನಗೆ ಅರ್ಥ ಆಗುತ್ತೆ," ಎಂದ. "ಈಗ ನೀವು ಒಬ್ಬರಿಗೊಬ್ಬರು ಏನು ಹೇಳ್ತೀರಿ?"

ಈರಣ್ಣ ಗೊಂದಲದಿಂದ ಉದಯಶಂಕರರ ಕಡೆ ನೋಡಿದ. "ನಮ್ಮಿಬ್ಬರದೇನೂ ಇಲ್ಲಲ್ರಿ."

"ಒಂದೇ ಕಾರಲ್ಲಿ ಬಂದ್ವಿ," ಎಂದರು ಉದಯಶಂಕರ.

ಸೌಂದರ್ಯಾ ನೋಟ್‌ಬುಕ್ ಮುಚ್ಚಿ ಎದ್ದು ಬಂದಳು.

"ಮಾತುಕತೆ ನಡೆಸಿಕೊಡೋಕೆ ಹೊರಗಿನವಳು ಬೇಕು ಅಂತ ಇವರೆಲ್ಲ ಸೇರಿ ನನ್ನನ್ನ ಕರೆಸಿದ್ದಾರೆ, ಪ್ರಭಂಜನ ಅವರೇ. ಒಂದು ಕಡೆಯವರದ್ದು ಕೇಳಿದ್ದಾಯ್ತು; ಇನ್ನೊಂದು ಕಡೆ ಅಂದ್ರೆ ನೀವು, ಹೇಳಿ."