ಗದ್ದುಗೆಗೆ ಇಡದ ಬಿಲ್ವಪತ್ರೆ

ಸಿದ್ದಗಂಗಮ್ಮ ಸುಳ್ಳು ಹೇಳುತ್ತಿದ್ದಾರೆ ಎಂದು ರಶ್ಮಿಗೆ ಖಾತ್ರಿಯಾದದ್ದು ಎರಡನೆಯ ಕಾಫಿ ಲೋಟ ಹಿತ್ತಲ ಕೋಣೆಯತ್ತ ಹೊರಟಾಗ.

"ಅಲ್ಲಿ ಯಾರಮ್ಮ ಇರೋದು?"

"ನಮ್ಮಣ್ಣ. ತಲೆ ಸರಿಯಿಲ್ಲ. ನೀವು ಆ ಕಡೆ ಹೋಗ್ಬೇಡಿ."

ಸಿದ್ದಗಂಗಮ್ಮ ತವರಿಗೆ ಒಬ್ಬಳೇ ಮಗಳು, ಅಣ್ಣತಮ್ಮಂದಿರಿಲ್ಲ. ಅವರ ಗಂಡ, ಕಾದಂಬರಿಕಾರ ಮಲ್ಲಿಕಾರ್ಜುನಪ್ಪನವರ ಬಗ್ಗೆ ಬರೆದವರೆಲ್ಲ ಅದನ್ನು ಬರೆದಿದ್ದರು. ಹೆಂಡತಿಗೆ ಬಂದ ಕಳಸದ ಈ ಕಾಫಿ ತೋಟದಲ್ಲೇ ಅವರು ಮನೆ ಕಟ್ಟಿ, ಎಳೆಯ ಬರಹಗಾರರನ್ನು ತಿಂಗಳುಗಟ್ಟಲೆ ಇರಿಸಿಕೊಂಡು ಬರೆಸುತ್ತಿದ್ದರು. ಅವರ ಕಾಲದ ನಂತರ ಟ್ರಸ್ಟಿನವರು ಅದಕ್ಕೆ ಫೆಲೋಶಿಪ್ ಎಂದು ಹೆಸರಿಟ್ಟು ಮುಂದುವರಿಸಿದರು. 2006ರಲ್ಲಿ ಅದು ರಶ್ಮಿಗೆ ಸಿಕ್ಕಿತ್ತು. ಅವಳ ಸಂಶೋಧನೆ ಬರೀ ನೆಪ. ಬಂದದ್ದು ಅಪ್ಪನನ್ನು ಹುಡುಕಲು.

1994ರ ಮಳೆಗಾಲದಲ್ಲಿ ರೇಣುಕಪ್ರಸಾದ್ ತನ್ನ ಮೊದಲ ಕಾದಂಬರಿಯ ಹಸ್ತಪ್ರತಿ ಹಿಡಿದು ಇದೇ ಮನೆಗೆ ಬಂದಿದ್ದ. ಹೊರಡುವಾಗ ಮಗಳಿಗೆ ಕೊರಳಿನ, ಲಿಂಗವಿಡುವ ಬೆಳ್ಳಿ ಕರಡಿಗೆ ತೋರಿಸಿ ನಕ್ಕಿದ್ದ. ಅದರ ಮಗ್ಗುಲಲ್ಲಿ ಒಂದು ತಗ್ಗಿತ್ತು. ಕೂಸಾಗಿದ್ದಾಗ ಅವಳೇ ಕಿತ್ತು ಒರಳಿಗೆ ಬಡಿದದ್ದು. "ಇದು ನಿನ್ನ ರುಜು ಕಣೇ," ಎಂದಿದ್ದ.

ಒಂದು ದಿನ ಅವನೂ ಕಾಣೆಯಾದ, ಮಲ್ಲಿಕಾರ್ಜುನಪ್ಪನವರೂ ಕಾಣೆಯಾದರು. ವಾರದ ಮೇಲೆ ಭದ್ರಾ ಹೊಳೆಯ ಮಡುವಿನಲ್ಲಿ ಒಂದು ಹೆಣ ತೇಲಿತು. ಮುಖವನ್ನು ಮೀನು ಉಳಿಸಿರಲಿಲ್ಲ. ಕೊರಳಲ್ಲಿ ಬೆಳ್ಳಿ ಕರಡಿಗೆಯಿತ್ತು.

"ಕರಡಿಗೆ ಅವ್ರದ್ದೇ," ಎಂದರು ಸಿದ್ದಗಂಗಮ್ಮ.

ಊರಿಗೆ ಅಷ್ಟು ಸಾಕಾಯಿತು. ಲಿಂಗವಂತ ಜೀವ ಬಿಟ್ಟಾನು, ಲಿಂಗ ಬಿಟ್ಟಾನೆಯೇ? ಅದರಲ್ಲೂ ಮಲ್ಲಿಕಾರ್ಜುನಪ್ಪನವರು ಲಿಂಗಪೂಜೆಯಾಗದೆ ಹನಿ ನೀರನ್ನೂ ಮುಟ್ಟಿದವರಲ್ಲ. ಹೆಣವನ್ನು ತೋಟದಲ್ಲೇ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಮಣ್ಣು ಮಾಡಿ ಗದ್ದುಗೆ ಕಟ್ಟಿದರು. ಮರುವರ್ಷ ಅವರ ಕೊನೆಯ ಕಾದಂಬರಿ ಅಚ್ಚಾಯಿತು. ಹತ್ತು ವರ್ಷ ಒಂದಕ್ಷರ ಬರೆಯದವರು ಎಂಥ ಕೃತಿ ಬಿಟ್ಟುಹೋದರು ಎಂದು ನಾಡೇ ಹೊಗಳಿತು.

ರೇಣುಕಪ್ರಸಾದ್ ಮಾತ್ರ ಸಿಗಲಿಲ್ಲ.

"ದೇವ್ರಂಥೋರನ್ನ ಹೊಳೆಗೆ ನೂಕಿ ಓಡಿಹೋದ ಮಾರಾಯ್ರೆ. ಉಂಡ ಮನೆಗೇ ಎರಡು ಬಗೆದ," ಎಂದು ಜೀಪಿನ ಭೂತಯ್ಯ ಬರುವ ದಾರಿಯಲ್ಲೇ ಹೇಳಿದ್ದ. ತಾನು ಅವನ ಮಗಳೆಂದು ರಶ್ಮಿ ಇಲ್ಲಿ ಯಾರಿಗೂ ಹೇಳಿರಲಿಲ್ಲ. ಈ ಮಾತು ಕೇಳಿ ಕೇಳಿಯೇ ಅವಳ ಅಮ್ಮ ಹಾಸಿಗೆ ಹಿಡಿದು ಸತ್ತದ್ದು.

ಹಾಗಾಗಿ ಬಂದ ದಿನ ಗದ್ದುಗೆಗೆ ಬಿಲ್ವಪತ್ರೆ ಇಡುವುದು ಈ ಮನೆಯ ಪದ್ಧತಿ ಎಂದು ಸಿದ್ದಗಂಗಮ್ಮ ಹೇಳಿದಾಗ ಅವಳು ಇಡಲಿಲ್ಲ. ನಂಬಿಕೆಯಿಲ್ಲ ಎಂದುಬಿಟ್ಟಳು. ಹಜಾರದಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದ ಮಲ್ಲಿಕಾರ್ಜುನಪ್ಪನವರ ಫೋಟೋ, ಹುಬ್ಬಿನ ಮೇಲಿನ ಆ ದಪ್ಪ ಮಚ್ಚೆ, ಅದನ್ನು ಕಂಡರೇ ಅವಳಿಗೆ ಮೈ ಉರಿಯುತ್ತಿತ್ತು. ಈ ಮನುಷ್ಯ ಸತ್ತು ತನ್ನ ಮನೆಯನ್ನೂ ಸಾಯಿಸಿದ.

ಸಿದ್ದಗಂಗಮ್ಮ ಒತ್ತಾಯ ಮಾಡಲಿಲ್ಲ. ತಾವೇ ಪತ್ರೆ ಇಟ್ಟು ಹಣೆ ಹಚ್ಚಿದರು. "ತಪ್ಪಾಯ್ತಪ್ಪ, ಹೊಟ್ಟೆಗೆ ಹಾಕ್ಕೋ," ಎಂದು ಗೊಣಗಿದ್ದು ರಶ್ಮಿಗೆ ಕೇಳಿಸಿತು. ಗಂಡನಿಗೆ ದ್ರೋಹ ಮಾಡಿದವಳ ದನಿ ಎಂದುಕೊಂಡಳು.

ಈಗ ಎಲ್ಲ ಕೂಡಿ ಬರುತ್ತಿತ್ತು. ಇಲ್ಲದ ಅಣ್ಣ, ಮುಚ್ಚಿದ ಕೋಣೆ. ಗಂಡನನ್ನು ಕೊಂದವನನ್ನು ಯಾವ ಹೆಂಗಸು ಹನ್ನೆರಡು ವರ್ಷ ಬಚ್ಚಿಟ್ಟು ಸಾಕುತ್ತಾಳೆ? ಉತ್ತರ ನೆನೆದರೇ ಹೇಸಿಗೆಯಾಯಿತು. ಆದರೂ ಎದೆ ಹಿಗ್ಗಿತು. ಕೊಲೆಗಾರನೇ ಆಗಿರಲಿ, ಇನ್ನೊಬ್ಬಳ ಸೆರಗು ಹಿಡಿದವನೇ ಆಗಿರಲಿ, ಅಪ್ಪ ಬದುಕಿದ್ದರೆ ಸಾಕಿತ್ತು.

ಮರುದಿನ ಬೆಳಿಗ್ಗೆ ಸಿದ್ದಗಂಗಮ್ಮ ಹಿತ್ತಲ ಕೋಣೆಗೆ ವಿಭೂತಿ, ಬಿಲ್ವಪತ್ರೆ ಕೊಟ್ಟು ಕೆಲಸದಾಳುಗಳನ್ನು ನೋಡಲು ಹೋದರು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ರಶ್ಮಿ ತಳ್ಳಿದಳು.

ಬೆನ್ನು ಹಾಕಿ ಮಣೆಯ ಮೇಲೆ ಒಬ್ಬ ಕೂತಿದ್ದ. ಬರಿಮೈ, ನೆರೆತ ಉದ್ದ ಕೂದಲು. ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡುತ್ತಿದ್ದ. ಪಕ್ಕದಲ್ಲಿ ಕಾಫಿ ಮುಚ್ಚಿಟ್ಟಿತ್ತು, ಅದರ ಪಕ್ಕ ತೆರೆದಿಟ್ಟ ಕರಡಿಗೆ.

ಕರಡಿಗೆಯ ಮಗ್ಗುಲಲ್ಲಿ ತಗ್ಗಿತ್ತು.

ರಶ್ಮಿ ಹೊಸ್ತಿಲು ದಾಟಿದಳು. ಅಷ್ಟು ವರ್ಷದ ಸಿಟ್ಟು, ನಾಚಿಕೆ, ಅಮ್ಮನ ಸಾವು, ಎಲ್ಲವನ್ನೂ ಆ ಗಳಿಗೆಯಲ್ಲಿ ಮನ್ನಿಸಿಬಿಟ್ಟಳು.

"ಅಪ್ಪಾ..."

ಮುದುಕ ನಿಧಾನವಾಗಿ ತಿರುಗಿದ. ಎದೆಯವರೆಗೆ ಗಡ್ಡ, ಇಳಿಬಿದ್ದ ಕೆನ್ನೆ. ಹುಬ್ಬಿನ ಮೇಲೆ ದಪ್ಪ ಮಚ್ಚೆ.

ಕಿಟಕಿಯಾಚೆ, ಅವಳು ಒಂದೆಲೆ ಬಿಲ್ವಪತ್ರೆಯನ್ನೂ ಇಡದ ಗದ್ದುಗೆಯೊಳಗೆ, ಅಪ್ಪ ಹನ್ನೆರಡು ವರ್ಷದಿಂದ ಕೂತಿದ್ದ.