ರೋಬೋಟಿಗೆ ಕೊಟ್ಟ ದನಿ

"ರೀ, ನಿಮ್ಮ ಬಗ್ಗೆನೂ ಬರೆದಿದ್ದಾರೆ!" ಹೆಂಡತಿ ಪತ್ರಿಕೆ ಹಿಡಿದು ಅಡುಗೆಮನೆಗೆ ಓಡಿಬಂದಳು. ಟೀವಿಯ ವೈಜ್ಞಾನಿಕ ಧಾರಾವಾಹಿಯ ಮೊನ್ನೆಯ ಕಂತಿನ ವಿಮರ್ಶೆ ಅದು. ಕಥೆಗೆ ತಲೆಬುಡವಿಲ್ಲ, ಗಗನನೌಕೆ ತಗಡಿನ ಡಬ್ಬಿ ಎಂಬ ಬೈಗುಳಗಳನ್ನೆಲ್ಲ ಹಾರಿಸಿ ಅವಳು ಕೊನೆಯ ಸಾಲು ಓದಿದಳು: "ಮೆಚ್ಚುವಂಥದ್ದು ರೋಬೋಟಿನ ದನಿಯೊಂದೇ. ಕಂಪ್ಯೂಟರಿನಲ್ಲಿ ಸೊಗಸಾಗಿ ಸೃಷ್ಟಿಸಿದ್ದಾರೆ. ಮನುಷ್ಯನ ಸುಳಿವೇ ಇಲ್ಲ." ಓದುತ್ತಲೇ ಅವಳ ದನಿ ಉಡುಗಿತು.

ಮೂವತ್ತು ವರ್ಷ ಸಿನಿಮಾ ನಾಯಕರಿಗೆಲ್ಲ ಕಂಠದಾನ ಮಾಡಿದ್ದ ಗಂಡನಿಗೆ, ಗಂಟಲಿನ ಆಪರೇಷನ್ನಿನಲ್ಲಿ ದನಿ ಹೋದಮೇಲೆ ಸಿಕ್ಕ ಮೊದಲ ಪಾತ್ರ ಆ ರೋಬೋಟು. ಈಗ ಅವನು ಮಾತಾಡುತ್ತಿದ್ದುದು ಕತ್ತಿಗೆ ಒತ್ತಿಹಿಡಿಯುವ ಪುಟ್ಟ ಯಂತ್ರದಿಂದ.

"ಅವರಿಗೇನು ಗೊತ್ತು, ಬಿಡಿ. ಏನಾದ್ರೂ ಮಾತಾಡ್ರೀ."

ಅವನು ಯಂತ್ರವನ್ನು ಕತ್ತಿನವರೆಗೆ ಎತ್ತಿದ. ಗುಂಡಿ ಒತ್ತಲಿಲ್ಲ. ಅದನ್ನು ಒರೆಸಿ, ಚಮಚಗಳ ಡ್ರಾಯರಿನಲ್ಲಿಟ್ಟು ಮುಚ್ಚಿದ.