ವಾರ್ಡಿನಲ್ಲಿ ಇಂಗ್ಲಿಷ್ ಪಾಠ

ಗಂಡನ ಹೃದಯದ ಆಪರೇಷನ್‌ಗೆ ಮೊದಲು ಅವಳು ಅವನ ಬೆರಳಿಗೆ ಸೋಪು ಹಚ್ಚಿ ಉಂಗುರ ಬಿಡಿಸುತ್ತಿದ್ದಳು. ಊಟಕ್ಕೆ ಹೊರಟ ನರ್ಸಿಗೆ, “ಗೋ ಅಂಡ್ ಕಮ್, ಸಿಸ್ಟರ್” ಎಂದಳು.

ಅವನು ಇಡೀ ವಾರ್ಡಿಗೆ ಕೇಳುವಂತೆ ನಕ್ಕ. “ಇಂಗ್ಲಿಷ್ ಮೇಷ್ಟ್ರ ಹೆಂಡತಿ ನೋಡಿ! ಮದುವೆಯಾದಾಗಿಂದ ಹೇಳ್ಕೊಡ್ತಿದೀನಿ, ತಲೆಗೆ ಹತ್ತಲ್ಲ. ಗೋ ಅಂದ್ರೆ ಹೋಗೋದು, ಕಮ್ ಅಂದ್ರೆ ಬರೋದು. ಹೊರಟವರಿಗೆ ಗೋ ಒಂದೇ ಸಾಕು ಕಣೆ, ದಡ್ಡಿ.”

ಪಕ್ಕದ ಮಂಚದವರೂ ನಕ್ಕರು. ಅವಳು ತಲೆ ಎತ್ತಲಿಲ್ಲ.

ಸ್ಟ್ರೆಚರ್ ಬಂತು. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅವನು ಅವಳ ಕೈ ಹಿಡಿದುಕೊಂಡ. “ಬರ್ತೀನಿ ಕಣೆ.”

“ಹೋಗಿ” ಎಂದು ಅವಳು ಕೈ ಬಿಡಿಸಿಕೊಂಡಳು.

ಅವನ ಮುಖ ಬಿಳಿಚಿಕೊಂಡಿತು. “ಏನಂದೆ?”

ಸ್ಟ್ರೆಚರ್ ಒಳಗೆ ಹೋಯಿತು. ಮುಚ್ಚಿಕೊಳ್ಳುತ್ತಿದ್ದ ಬಾಗಿಲಿನಿಂದ ಅವನ ದನಿ ಕೇಳಿತು: “ಹೋಗಿ ಬನ್ನಿ ಅಂತ ಹೇಳೇ.”